ಅತ್ತೆಯನ್ನು ನೋಡಿಕೊಳ್ಳಲು ಬಂದವರು

ಮನೆಯಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೆ ಬರೀ ಅಳುವಂಥದ್ದೇ ನಡೆಯುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ನಮ್ಮನೆಯಲ್ಲಿ ಒಂದು ನಗೆಪಾಟಲು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು. ಈಗಲೂ ಹೇಳಿಕೊಂಡು ನಗುತ್ತೇವೆ.

ನಮ್ಮದು ಶಿಕಾರಿಪುರ. ನಮ್ಮ ಮನೆಯವರದು ಬೀಜ-ಗೊಬ್ಬರದ ಅಂಗಡಿ, ಅದರ ಪಕ್ಕದಲ್ಲೇ ನನ್ನ ಬಳೆ ಅಂಗಡಿ. ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಕಣ್ಣು ಬಿಟ್ಟವರು ನೋವು ಅನ್ನಲಿಲ್ಲ, ನೀರು ಕೇಳಲಿಲ್ಲ. "ಸೊರಬಕ್ಕೆ ಯಾವಾಗ ಹೋಗಾದು?" ಅಂದರು.

ಸೊರಬದಲ್ಲಿ ಅವರ ಬೆನ್ನಿಗೆ ಹುಟ್ಟಿದ ತಂಗಿ ಇದ್ದಾರೆ, ನನಗೆ ಸಣ್ಣತ್ತೆ. ಅವರೂ ಆ ಹೊತ್ತಿಗೆ ಹಾಸಿಗೆ ಹಿಡಿದಿದ್ದರು, ಮರೆವು ಬೇರೆ ಶುರುವಾಗಿತ್ತು. "ಆಕಿಗೆ ನನ್ನ ಗುರುತು ಇರಾದ್ರೊಳಗೆ ಒಂದ್ಸಲ ಮುಖ ತೋರ್ಸಿ ಬರ್ಬೇಕವ್ವಾ" ಅನ್ನುವುದು ಅತ್ತೆಯ ಒಂದೇ ಹಟ. "ಮೊದಲು ನಡೀರಿ, ಆಮೇಲೆ ಸೊರಬ" ಅಂದೆವು. ಡಾಕ್ಟರು ಹಾಗಂದರು, ನಮ್ಮ ಮನೆಯವರು ಅಂದರು, ನಾನೂ ಅಂದೆ.

ಎಲ್ಲ ಬಲ್ಲವಳು

ಮನೆಗೇ ಆಳು ಕಳಿಸುವ ಏಜೆನ್ಸಿಯೊಂದರ ನಂಬರನ್ನು ಯಾರೋ ಕೊಟ್ಟರು. ಅಂಗಡಿಯಲ್ಲಿ ಒಬ್ಬಾಕೆಗೆ ಬಳೆ ತೊಡಿಸುತ್ತಾ, ಫೋನನ್ನು ಸ್ಪೀಕರಿಗೆ ಹಾಕಿ ಗಾಜಿನ ಪೆಟ್ಟಿಗೆಯ ಮೇಲಿಟ್ಟು ಮಾತಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಸಮಾಧಾನದವಳು.

"ನಿಮಗೆ ಯಾರು ಬೇಕು ಮೇಡಂ? ಗಾಯದ ಡ್ರೆಸಿಂಗು, ಇಂಜೆಕ್ಷನ್ನು ಅಂದ್ರೆ ನರ್ಸು. ಸ್ನಾನ ಮಾಡಿಸೋದು, ಉಣಿಸೋದು, ಎಬ್ಬಿಸಿ ಕೂರಿಸೋದು ಅಂದ್ರೆ ಅಟೆಂಡರು. ನಡಿಗೆ ಕಲಿಸೋಕೆ ಫಿಸಿಯೋ, ಅವರು ಬಂದು ಮಾಡಿಸಿ ಹೋಗ್ತಾರೆ. ಅಟೆಂಡರು ಹಗಲಿಗೆ ಮಾತ್ರ ಸಾಕಾ, ಮನೇಲೇ ಉಳಿಯೋರು ಬೇಕಾ?"

ಇಷ್ಟೆಲ್ಲ ಜಾತಿ ಇದೆ ಅಂತ ನನಗೇನು ಗೊತ್ತು? ರೇಗಿಹೋಯಿತು. "ನೋಡವ್ವಾ, ಗಾಯ ತೊಳೀಬೇಕು, ಮೈ ತೊಳೀಬೇಕು, ನಡೆಸಬೇಕು, ಹೊತ್ತಿಗೆ ಸರಿಯಾಗಿ ನಾಲ್ಕು ರೊಟ್ಟಿ ತಟ್ಟಬೇಕು. ನಮ್ಮತ್ತಿ ಹೇಳಿದ್ದೇ ಹೇಳಿದ್ರೂ ಹೂಂ ಅನ್ನಬೇಕು, ಬೈದ್ರೆ ಬೇಜಾರು ಮಾಡ್ಕೋಬಾರದು, ಹಗಲೂ ರಾತ್ರಿ ಇರಬೇಕು. ಅಂಥೋಳು ಒಬ್ಬಳನ್ನ ಕಳಿಸಿದ್ರೆ ಸಾಕು."

ಆ ಕಡೆಯವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಷ್ಟೇ ಸಮಾಧಾನವಾಗಿ ಬಂತು ಉತ್ತರ: "ಅಂಥೋರು ಏಜೆನ್ಸೀಲಿ ಸಿಗಲ್ಲ ಮೇಡಂ. ಅವರಿಗೆ ಸೊಸೆ ಅಂತಾರೆ."

ಬಳೆ ತೊಡಿಸಿಕೊಳ್ಳುತ್ತಿದ್ದಾಕೆ ನಕ್ಕ ರಭಸಕ್ಕೆ ಕೈಯಲ್ಲಿದ್ದ ಹಸಿರು ಬಳೆಗಳು ಒಡೆದವು. ಕೊನೆಗೆ ಗಾಯ ಮಾಯುವ ತನಕ ಒಬ್ಬ ನರ್ಸು, ಮನೆಯಲ್ಲೇ ಉಳಿಯಲು ಒಬ್ಬ ಅಟೆಂಡರು, ಆಗಾಗ ಬಂದು ಹೋಗಲು ಒಬ್ಬ ಫಿಸಿಯೋ ಅಂತ ಮಾತಾಯಿತು. ಉಳಿದ ಕೆಲಸಕ್ಕೆ ಸೊಸೆ ಮೊದಲೇ ಇದ್ದಳು.

ಮೊದಲ ದಿನ

ಅಟೆಂಡರು ಉಡುತಡಿ ಕಡೆಯ ಹೆಣ್ಣುಮಗಳು. ಬೆಳಿಗ್ಗೆಯೇ ಬಟ್ಟೆಯ ಬ್ಯಾಗು ಹಿಡಿದು ಬಂದಳು. ಬಂದವಳೇ ಅತ್ತೆಯ ಮೈ ಒರೆಸಿ, ಬೇರೆ ಸೀರೆ ಉಡಿಸಿ, ತಲೆ ಬಾಚಿದಳು. ಎಷ್ಟೋ ದಿನದ ಮೇಲೆ ನಾನು ನೆಮ್ಮದಿಯಿಂದ ಅಂಗಡಿ ಬಾಗಿಲು ತೆಗೆದೆ.

ಸಂಜೆ ಬಂದು ನೋಡಿದರೆ ಅತ್ತೆ ಒಬ್ಬರೇ. ಮುಖದಲ್ಲಿ ಏನೋ ದೊಡ್ಡ ಕೆಲಸ ಮುಗಿಸಿದ ತೃಪ್ತಿ.

"ಆಕಿ ಎಲ್ಲಿ?"

"ಹೋದ್ಲು."

"ಎಲ್ಲಿಗೆ?"

"ಊರಿಗೆ. ಮೊದಲ್ನೇ ಸಲ ಮನಿಗೆ ಬಂದ ಹೆಣ್ಮಗಳು, ಬರಿಗೈಲಿ ಇರಾಕೆ ಬಿಡಾಕಾಗ್ತೈತಾ? ಉಡಿ ತುಂಬಿದೆ."

ಮನೆಗೆ ಬಂದ ಹೆಣ್ಣುಮಗಳು ಹೊರಟು ನಿಂತಾಗ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ, ಕುಬುಸದ ಖಣ ಹಾಕಿ ಕಳಿಸಿಕೊಡುವುದು ನಮ್ಮ ಕಡೆಯ ಪದ್ಧತಿ. ಅತ್ತೆಯ ಕೈಯಿಂದ ಉಡಿ ತುಂಬಿಸಿಕೊಳ್ಳದೆ ನಮ್ಮ ಹೊಸಿಲು ದಾಟಿದವರಿಲ್ಲ. ಗಂಡ ಹೋದವರು ತುಂಬಬಾರದು, ತುಂಬಿಸಿಕೊಳ್ಳಬಾರದು ಅನ್ನುವ ಮಾತನ್ನು ಅವರು ಒಪ್ಪಿದ್ದೇ ಇಲ್ಲ. ಮಾವ ಹೋದ ಮೇಲೂ ಎರಡೂ ನಡೆದೇ ಇತ್ತು. ಆದರೆ ಕೆಲಸಕ್ಕೆ ಬಂದವಳಿಗೆ, ಬಂದ ದಿನವೇ, ಮಲಗಿದಲ್ಲಿಂದಲೇ ತುಂಬುತ್ತಾರೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಅಡುಗೆಮನೆಯಲ್ಲಿ ಹುಡುಕಾಡಿ ಅಕ್ಕಿ, ಕೊಬ್ಬರಿ ತಂದು ತಟ್ಟೆ ಜೋಡಿಸಿಕೊಟ್ಟವಳು ಪಾಪ ಅವಳೇ.

ಫೋನು ಮಾಡಿದೆ. ಅವಳ ದನಿ ಒದ್ದೆಯಾಗಿತ್ತು. "ಅಕ್ಕಾರೆ, ಅಜ್ಜಿ ಉಡಿ ತುಂಬಿ ತಲಿ ಮ್ಯಾಲೆ ಕೈ ಇಟ್ರಲ್ರೀ. ಉಡಿ ತುಂಬಿಸ್ಕೊಂಡ ಮ್ಯಾಲೆ ಅವರ ಮನ್ಯಾಗೆ ಹೆಂಗೆ ಉಳಿಯಾದು? ನನ್ನ ಕೆಲಸ ಹಿಡಿಸ್ಲಿಲ್ಲ ಅಂತ ಮರ್ಯಾದಿಯಿಂದ ಕಳಿಸಿದ್ರು ಅನ್ಕೊಂಡೆ."

ಎಷ್ಟೋ ಬೇಡಿಕೊಂಡ ಮೇಲೆ ಮರುದಿನ ವಾಪಸ್ಸು ಬಂದಳು. ಬಾಗಿಲಲ್ಲೇ ನಿಲ್ಲಿಸಿ ನಾನು ಕೇಳಿದ ಮೊದಲ ಮಾತು: "ಆ ಖಣ ಹೊಲಿಯಾಕೆ ಕೊಟ್ಟಿಲ್ಲ ತಾನೆ?" ಅದು ನಾನು ನನಗೆ ಅಂತ ಬೀರುವಿನಲ್ಲಿ ಎತ್ತಿಟ್ಟುಕೊಂಡಿದ್ದ ಖಣ.

ಕೊಟ್ಟಾಗಿತ್ತು.

ಮಂಡಕ್ಕಿ ವ್ಯಾಯಾಮ

ಫಿಸಿಯೋ ಬೈಕಿನಲ್ಲಿ ಬರುತ್ತಿದ್ದ, ಕಡ್ಡಿಯಂಥ ಆಸಾಮಿ. ಅತ್ತೆ ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇವನನ್ನೇ ಯಾರಾದ್ರೂ ಹಿಡ್ಕೋಬೇಕು, ಇವ ನನ್ನ ಹಿಡ್ಕೊಂತಾನಾ?" ಅಂದರು. ಕಾಲೆತ್ತಿ ಅಜ್ಜಿ ಅಂದರೆ ಎತ್ತುವುದಿಲ್ಲ. ಕೊನೆಗೆ ಅತ್ತೆಯೇ ಒಂದು ಕರಾರು ಮಾಡಿದರು. ಅವನು ಒಂದು ಬೊಗಸೆ ಮಂಡಕ್ಕಿ ತಿಂದರೆ ಇವರು ಒಂದು ಸಲ ಕಾಲು ಎತ್ತುತ್ತಾರೆ. ಮಿರ್ಚಿ ತಿಂದರೆ ಎದ್ದು ನಿಲ್ಲುತ್ತಾರೆ.

ಅವನೂ ಕೆಲಸದಲ್ಲಿ ನಿಯತ್ತಿನವನು. ರೋಗಿಯ ಒಳ್ಳೆಯದಕ್ಕೆ ಅಂತ ತಿಂದ. ಅಂಗಿಯ ಗುಂಡಿಗಳು ಬಿಗಿಯಾಗುತ್ತಾ ಬಂದವು, ಅತ್ತೆಯ ಕಾಲೂ ಗಟ್ಟಿಯಾಗುತ್ತಾ ಬಂತು. ಒಂದು ದಿನ ಮಧ್ಯಾಹ್ನ ನಾನು ಮನೆಗೆ ಬಂದಾಗ ಮಂಚದ ಮೇಲೆ ಅವನು ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಅತ್ತೆ ವಾಕರು ಹಿಡಿದು, ಪಕ್ಕದಲ್ಲಿ ಅಟೆಂಡರನ್ನು ಇಟ್ಟುಕೊಂಡು, ಅಡುಗೆಮನೆಯಿಂದ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದರು. ಅಟೆಂಡರ ಕೈಯಲ್ಲಿ ಓಮದ ನೀರಿನ ಲೋಟ.

ಅವನು ನನ್ನನ್ನು ನೋಡಿ ಮಲಗಿದಲ್ಲಿಂದಲೇ ಕೂಗಿದ: "ಮೇಡಂ, ಪೇಷಂಟು ನಡೆದ್ರು!"

ಅತ್ತೆ ಅವನ ಕಡೆ ಕೈ ತೋರಿಸಿ, "ಯಾವ ಪೇಷಂಟು?" ಅಂದರು.

ಆ ದಿನ ಎಲ್ಲರೂ ಕುಣಿದಾಡಿದೆವು. ಅತ್ತೆ ಮಾತ್ರ ವಾಕರು ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. "ಸೊರಬ?" ಅಂದರು. ಸಣ್ಣತ್ತೆಯ ಮನೆ ಮುಂದೆ ಮೆಟ್ಟಿಲುಗಳಿವೆ. "ಇನ್ನೊಂದಿಷ್ಟು ದಿನ ತಡೀರಿ, ಮೆಟ್ಟಿಲು ಹತ್ತಾಕೆ ಬರ್ಲಿ" ಅಂದೆವು.

ಕಿವಿ

ಅಲ್ಲಿಯವರೆಗೆ ವಿಡಿಯೋ ಕಾಲ್ ಮಾಡಿಸೋಣ ಅಂತಾಯಿತು. ಇಲ್ಲಿ ನಮ್ಮ ಅಟೆಂಡರು ಫೋನು ಹಿಡಿದಳು, ಅಲ್ಲಿ ಸಣ್ಣತ್ತೆಯ ಸೊಸೆ ಹಿಡಿದಳು. ಆದರೆ ಅಕ್ಕತಂಗಿ ಇಬ್ಬರೂ ಫೋನು ಕಂಡ ಕೂಡಲೇ ಕಿತ್ತುಕೊಂಡು ಕಿವಿಗೆ ಒತ್ತಿಕೊಳ್ಳುವವರೇ. ಹೀಗಾಗಿ ಅತ್ತೆ ನಡುನಡುವೆ ಫೋನು ಎದುರಿಗೆ ಹಿಡಿದರೆ ಕಾಣುತ್ತಿದ್ದದ್ದು ತಂಗಿಯ ಕಿವಿ. "ಅಯ್ಯ, ಓಲೆ ಯಾಕೆ ತೆಗ್ಸೀರಿ ಆಕೀದು?" ಅಂತ ಅದಕ್ಕೊಂದು ಜಗಳ. ಆ ಕಡೆಯಿಂದ ಸಣ್ಣತ್ತೆಯೂ ಇವರ ಕಿವಿ ನೋಡಿ, "ಅಕ್ಕನ ಓಲೆ ನಮ್ಮ ಅವ್ವಂದು" ಅನ್ನುತ್ತಿದ್ದರು. ತಿಂಗಳುಗಟ್ಟಲೆ ಇಬ್ಬರೂ ಹೀಗೆ ಕಿವಿಯಲ್ಲೇ ಭೇಟಿಯಾದರು. ನಾವು ಬಿದ್ದು ಬಿದ್ದು ನಕ್ಕೆವು.

ಒಂದು ದಿನ ಸಣ್ಣತ್ತೆ ಫೋನಿನಲ್ಲಿ, "ಯಾರು ನೀನು? ನಮ್ಮಕ್ಕಂಗೆ ಫೋನು ಕೊಡು. ಅವಳು ನಡೀತಾಳಾ?" ಅಂದರು.

ಅತ್ತೆ, "ನಡೀತಾಳೆ, ನಡೀತಾಳೆ" ಅಂದು ಫೋನು ಇಟ್ಟರು. ಅವತ್ತು ರೊಟ್ಟಿ ಮುರಿದು ಹಾಗೇ ಬಿಟ್ಟರು. ಮೆಟ್ಟಿಲಿನ ಮಾತು ಬಿಟ್ಟು ಮರುದಿನವೇ ಕಾರು ಹೇಳಿದೆವು.

ಹೊಸಬಳು

ಕಾರಿನಲ್ಲಿ ಅತ್ತೆ, ನಾನು, ನಮ್ಮ ಮನೆಯವರು, ಅಟೆಂಡರು. ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವ ತನಕ ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತಲೇ ಇದ್ದರು. ಮನೆ ಮುಂದೆ ಇಳಿದಾಗ ಸಣ್ಣತ್ತೆಯ ಸೊಸೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಳು. ಅತ್ತೆಯನ್ನು ಅದರಲ್ಲಿ ಕೂರಿಸಿ ಇಬ್ಬರು ಎತ್ತಿದರು. ಮೆಟ್ಟಿಲು ಮುಗಿದೇ ಹೋಯಿತು. ಅಂಥ ಕುರ್ಚಿ ನಮ್ಮನೆಯಲ್ಲೂ ಇತ್ತು, ಮೊದಲ ದಿನದಿಂದಲೂ ಇತ್ತು. ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಒಳಗೆ ಅತ್ತೆ ವಾಕರು ಹಿಡಿದು ತಾವೇ ನಡೆದು ಮಂಚದ ಹತ್ತಿರ ಹೋದರು. ಸಣ್ಣತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಮನೆಯಲ್ಲೂ ಅಟೆಂಡರುಗಳು ಬಂದು ಬಂದು ಹೋಗಿದ್ದರು.

"ಏ ಹುಡುಗಿ, ಇವಳೇನೇ ಹೊಸಬಳು?" ಅಂತ ಸೊಸೆಯನ್ನು ಕೇಳಿದರು. "ಮೊದ್ಲಿನ ಗುಡವಿ ಕಡೆಯೋಳೇ ವಾಸಿ ಇದ್ಲು ಮಾರಾಯ್ತಿ. ಇವಳಿಗೆ ನಿಲ್ಲಕ್ಕೇ ಆಗಲ್ಲ, ನನ್ನ ಹೆಂಗೆ ಎತ್ತುತಾಳೆ? ಇಷ್ಟು ವಯಸ್ಸಾದೋಳನ್ನ ದುಡಿಸ್ಕೊಳ್ಳಕ್ಕೆ ನಾಚಿಕೆ ಆಗಲ್ವಾ ನಿಮಗೆ?"

"ಅತ್ತೆ, ಸರಿ ನೋಡಿ. ನಿಮ್ಮ ಅಕ್ಕ ಬಂದಾರೆ!" ಅಂದಳು ಸೊಸೆ.

"ನಮ್ಮಕ್ಕ ಶಿಕಾರಿಪುರದಲ್ಲಿ ಬಿದ್ದಾಳೆ. ನಡೆಯಕ್ಕೆ ಬಂದ ಮೇಲೆ ಕರ್ಕೊಂಡು ಬರ್ತಾರಂತೆ. ನಂಗೆ ಗೊತ್ತಿಲ್ವಾ?"

ನಮ್ಮ ಮನೆಯವರು ಮೆಲ್ಲಗೆ, "ಅವ್ವಾ, ಕಿವಿ ತೋರ್ಸು" ಅಂದರು. ಅತ್ತೆ ನಿಜವಾಗಲೂ ತಲೆ ತಿರುಗಿಸಿ, ಕೂದಲು ಸರಿಸಿ ಕಿವಿ ತೋರಿಸಿದರು. ಸಣ್ಣತ್ತೆ ಬಹಳ ಹೊತ್ತು ನೋಡಿದರು.

"ಓಲೆ ಚೆನ್ನಾಗೈತೆ" ಅಂದರು.

ಅಟೆಂಡರು ಮೊದಲು ಕಿಸಕ್ಕನೆ ನಕ್ಕಳು, ಆಮೇಲೆ ನಾವೆಲ್ಲರೂ. ಅತ್ತೆಯೂ ನಕ್ಕರು. ನಗುತ್ತಲೇ ಆ ಕುರ್ಚಿಯನ್ನು ಮಂಚಕ್ಕೆ ತಾಗಿಸಿ ಹಾಕಿಸಿಕೊಂಡು ಕೂತರು, ತಂಗಿಯ ಹೊದಿಕೆ ಸರಿ ಮಾಡಿದರು. "ಹೂಂ ಅವ್ವಾ, ಹೊಸಬಳೇ. ನಿನ್ನ ನೋಡ್ಕೊಳ್ಳಾಕೆ ಬಂದೀನಿ."

"ಉಂಡ್ಯಾ?" ಅಂದರು ಸಣ್ಣತ್ತೆ. ಆಮೇಲೆ ಸೊಸೆಯ ಕಡೆ ತಿರುಗಿ, "ಬಾಯಿ ಬಿಟ್ಕೊಂಡು ಏನು ನೋಡ್ತೀಯ? ಮೊದಲ್ನೇ ಸಲ ಮನೆಗೆ ಬಂದೋಳು, ಉಡಿ ತುಂಬು."

ಒಬ್ಬಳೇ ತಾಯಿ ಕಲಿಸಿದ ಇಬ್ಬರು ಹೆಣ್ಣುಮಕ್ಕಳು! ನಮ್ಮ ಅಟೆಂಡರಂತೂ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. ಸೊಸೆ ಕಣ್ಣೊರೆಸಿಕೊಳ್ಳುತ್ತಾ ಒಳಗೆ ಹೋಗಿ ಅಕ್ಕಿ, ಕೊಬ್ಬರಿ, ಖಣ ಇಟ್ಟ ತಟ್ಟೆ ತಂದಳು. "ಸೆರಗು ಒಡ್ಡಿ ದೊಡ್ಡತ್ತೆ" ಅಂದಳು.

ಜೀವಮಾನದಲ್ಲಿ ಒಂದು ಉಡಿಯನ್ನೂ ಬೇಡ ಅಂದವರಲ್ಲ ನಮ್ಮತ್ತೆ. ಅವತ್ತು ಸೆರಗನ್ನು ಮುದುಡಿ ಮುಷ್ಟಿಯಲ್ಲಿ ಹಿಡಿದುಕೊಂಡರು.

"ಬ್ಯಾಡವ್ವಾ, ಒಳಗಿಡು. ತುಂಬಿದ್ರೆ ಹೋಗಬೇಕಾಗ್ತೈತಿ."