ಎರೆಮಣ್ಣಿಗೆ ಬಂದ ಹಿಮದ ಗಾಡಿ

ಶ್ರಾವಣದ ಒಂದು ಮುಂಜಾನೆ ಭಾಲ್ಕಿಯ ಗುಜರಿ ವ್ಯಾಪಾರಿ ಕುತುಬೋದ್ದೀನ ತನ್ನ ಲಾರಿಯಿಂದ ಇಳಿಸಿದ ಗಾಡಿಗೆ ಚಕ್ರವೇ ಇರಲಿಲ್ಲ. ಗೋರಖನಾಥನ ಕಷ್ಟ ಶುರುವಾದದ್ದು ಅಲ್ಲಿಂದ.

ಗಾಡಿ ಹೈದರಾಬಾದಿನ ಯಾವುದೋ ಹರಾಜಿನಲ್ಲಿ ತಗಡು-ತಂತಿಗಳ ಜೊತೆ ಸೇರಿ ಬಂದಿತ್ತು. ಮುಂದೆ ಬಾತುಕೋಳಿಯ ಪಾದದಂಥ ಎರಡು ಉದ್ದನೆಯ ಹಲಗೆ, ಹಿಂದೆ ಹೊಟ್ಟೆಯಡಿಗೆ ಅಗಲವಾದ ರಬ್ಬರ್ ಪಟ್ಟಾ, ಮೇಲೆ ಮೋಟಾರ್ ಸೈಕಲ್ಲಿನಂಥ ಸೀಟು, ಹ್ಯಾಂಡಲ್ಲು. ನೋಡಲು ಬಂದವರಲ್ಲಿ ಒಬ್ಬರು ಕಬ್ಬು ಕಡಿಯುವ ಯಂತ್ರವೆಂದರು, ಇನ್ನೊಬ್ಬರು ಹೆಲಿಕಾಪ್ಟರಿನ ಮರಿ ಎಂದರು. ನಿವೃತ್ತ ಮಾಸ್ತರರಾದ ಗಿಡಿಯೋನ ಸರ್ ಸೀಟಿನಡಿ ಕೈಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಹೊರಗೆ ತೆಗೆದರು. ಕನ್ನಡಕ ಏರಿಸಿ, ಹಾಜರಿ ಕರೆಯುವ ದನಿಯಲ್ಲಿ ಹೇಳಿದರು:

"ಇದು ಹಿಮದ ಮ್ಯಾಲ ಓಡೋ ಸ್ಕೂಟರ್ ಅದರಿ."

ಅಷ್ಟು ಕೇಳಿದ್ದೇ ತಡ, ಅಲ್ಲಿದ್ದ ಕುತ್ತಿಗೆಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು. ಆ ದಿಕ್ಕಿನಲ್ಲಿ ಮೂರನೆಯ ಮನೆ ಗೋರಖನಾಥನದು.

ಯಾಕೆಂದರೆ ಭಾಲ್ಕಿಯಲ್ಲಿ ಹಿಮದ ಸ್ಕೂಟರಿನ ಹೆಸರೆತ್ತುತ್ತಿದ್ದವನು ಅವನೊಬ್ಬನೇ. ಮಿಲಿಟರಿಯಲ್ಲಿದ್ದಾಗ ಲಡಾಖಿನಲ್ಲಿ ಅವನ್ನು ರಿಪೇರಿ ಮಾಡುತ್ತಿದ್ದೆ ಎಂದು ಅವನು ಚಹಾದಂಗಡಿಯಲ್ಲಿ, ಮದುವೆಯ ಮಂಟಪದಲ್ಲಿ, ಬೀದರಿನ ಬಸ್ಸಿನಲ್ಲಿ ಹೇಳಿದ ಕತೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಹಿಮಾಲಯಕ್ಕೇ ಸರಿಸಮ ಆಗುತ್ತಿತ್ತು. ನಿಜ ಸಂಗತಿ ಒಂದೇ ಸಾಲಿನದು. ಗೋರಖನಾಥ ಮಿಲಿಟರಿಯಲ್ಲಿ ಬಾವರ್ಚಿ. ಮುನ್ನೂರು ಜನರ ಲಂಗರಿನಲ್ಲಿ ಹಿಟ್ಟು ನಾದಿ, ಬೇಳೆ ಕುದಿಸಿ, ಆಲೂಗಡ್ಡೆ ಸುಲಿದು ನಿವೃತ್ತನಾದವನು. ಹಿಮದ ಸ್ಕೂಟರನ್ನು ಅವನು ಕಂಡದ್ದು ಅಡುಗೆಮನೆಯ ಕಿಟಕಿಯಿಂದ ಮಾತ್ರ.

ಸುಳ್ಳು ಹುಟ್ಟಿದ್ದು ಇಪ್ಪತ್ತಾರು ವರ್ಷದ ಹಿಂದೆ, ಔರಾದಿನಲ್ಲಿ, ಹೆಣ್ಣು ನೋಡಲು ಹೋದ ದಿನ. ಅದೇ ಹುಡುಗಿಗೆ ಕಮಲನಗರದ ಮಾಸ್ತರನೊಬ್ಬನ ಸಂಬಂಧವೂ ಬಂದಿತ್ತು. "ಮಿಲ್ಟ್ರ್ಯಾಗ ಏನ ಕೆಲಸಪಾ?" ಎಂದು ಹುಡುಗಿಯ ಸೋದರತ್ತೆ ಕೇಳಿದಾಗ ಬಾವರ್ಚಿ ಎಂಬ ಮಾತು ಗಂಟಲಿಗೆ ಬಂದು ಅಲ್ಲೇ ಕೂತುಬಿಟ್ಟಿತು. "ಹಿಮದ ಸ್ಕೂಟರ್ ಮಿಸ್ತ್ರಿ" ಎಂಬುದು ಅದನ್ನು ದಾಟಿ ಹೊರಗೆ ಬಂತು. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಮಹಾಮಾಯಾಳ ಕಣ್ಣುಗಳು ದೀಪ ಹಚ್ಚಿದಂತಾದವು. ಮಾಸ್ತರ ಮನೆಗೆ ಹೋದ, ಮಿಸ್ತ್ರಿಗೆ ಮದುವೆಯಾಯಿತು. ಆ ದೀಪ ಆರಿಸುವ ಧೈರ್ಯ ಗೋರಖನಾಥನಿಗೆ ಈತನಕ ಬಂದಿರಲಿಲ್ಲ. ಊರು ನಕ್ಕರೆ ನಗಲಿ, ಹೆಂಡತಿಯ ಕಣ್ಣು ಮಂಕಾಗುವುದನ್ನು ನೋಡಲು ಅವನಿಂದ ಆಗದು.

ಆ ಹೆಂಡತಿಯೇ ಈಗ ಹಳೆಯ ಮಿಲಿಟರಿ ಟೋಪಿ ಹಿಡಿದುಕೊಂಡು ಓಡಿ ಬಂದಳು.

"ರೀ, ಏಳ್ರಿ! ನಿಮ್ಮ ಗಾಡಿ ಬಂದದ!"

"ಯಾವ ಗಾಡಿ?"

"ಲಡಾಖಿಂದು! ಕುತುಬ ಭಾಯಿ ಅಂಗಳದಾಗ ನಿಂತದ. ಮಂದಿ ಎಲ್ಲ ನಿಮ್ಮ ಹಾದಿ ನೋಡ್ಲಿಕತ್ತಾರ."

ಗೋರಖನಾಥನಿಗೆ ಕೂಡಲೇ ಮೊಣಕಾಲು ನೋವು ಬಂತು. "ಇವತ್ತ ಕಾಲ ಭಾಳ ಹಿಡದದ" ಎಂದ.

"ಕೆಲಸ ಕೈದು, ಕಾಲಿಂದಲ್ಲ" ಎನ್ನುತ್ತ ಮಹಾಮಾಯಾ ಟೋಪಿ ತಲೆಗಿಟ್ಟು, ಕನ್ನಡಿಯನ್ನೂ ತೋರಿಸದೆ ಹೊರಡಿಸಿದಳು.

ಗುಜರಿ ಅಂಗಳದಲ್ಲಿ ಗಾಡಿಯ ಪಕ್ಕ ಭಾತಂಬ್ರಾದ ಅಂಜನಾಬಾಯಿ ಕೊಡೆ ಊರಿಕೊಂಡು ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಹದಿನಾರು ಎಕರೆ ಎರೆ ಹೊಲದ ಒಡತಿ. ಮಳೆ ಹಿಡಿಯಿತೆಂದರೆ ಆ ಹೊಲದ ಮಣ್ಣು ಟ್ರ್ಯಾಕ್ಟರನ್ನು ನುಂಗುತ್ತದೆ, ಎತ್ತನ್ನು ಹೊಟ್ಟೆಯತನಕ ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಿಂಗಳಿಂದ ಅವಳು ತನ್ನ ಸೋಯಾ ಬೆಳೆಯ ಮುಖ ನೋಡಿರಲಿಲ್ಲ.

"ಹುಗಿಯೂದು ಗಾಲಿ" ಎಂದು ಅವಳು ಕುತುಬೋದ್ದೀನನಿಗೆ ವಿವರಿಸುತ್ತಿದ್ದಳು. "ಇದಕ ಗಾಲೀನೇ ಇಲ್ಲ. ಹುಗಿಯೂದು ಹ್ಯಾಂಗ? ಹಿಮ ಅಂದ್ರೂ ರಾಡಿನೇ, ಬೆಳ್ಳಗಿರ್ತದ ಅಷ್ಟ."

ಮಾತು ಯಾರಿಗೂ ತಪ್ಪೆನಿಸಲಿಲ್ಲ. ಗ್ಯಾರೇಜಿನ ಚಾಂದ ಪಾಶಾ ಆಗಲೇ ಪ್ಲಗ್ ಬದಲಿಸಿ, ಹಗ್ಗ ಎಳೆದು ಇಂಜಿನ್ ಚಾಲೂ ಮಾಡಿದ್ದ. ಉಳಿದದ್ದು ಎರಡೇ ಕೆಲಸ. ಬ್ರೇಕ್ ಹಿಡಿಯುತ್ತಿರಲಿಲ್ಲ, ಸ್ಪ್ರಿಂಗುಗಳು ಕುಸಿದು ಗಾಡಿ ಒಂದು ಕಡೆಗೆ ವಾಲಿತ್ತು.

"ಬ್ರೇಕ್ ಹಿಡೀತದ ಅಂತ ಈ ತಮ್ಮ ಒಂದ ಮಾತ ಅಂದ್ರ ಸಾಕು" ಎಂದು ಅಂಜನಾಬಾಯಿ ಗೋರಖನಾಥನತ್ತ ಕೊಡೆ ತೋರಿಸಿದಳು. "ಇವತ್ತ ನಾ ಒಯ್ತೇನಿ."

ಗೋರಖನಾಥ ಗಾಡಿಯನ್ನು ಮೂರು ಸುತ್ತು ಹಾಕಿದ. ಮೊದಲನೆಯ ಸುತ್ತು ಓಡಿಹೋಗುವ ಹಾದಿ ಹುಡುಕಲು, ಎರಡನೆಯದು ಆ ಹಾದಿಯಲ್ಲಿ ಮಹಾಮಾಯಾ ನಿಂತಿದ್ದಾಳೆಂದು ಖಾತ್ರಿ ಮಾಡಿಕೊಳ್ಳಲು, ಮೂರನೆಯದು ಏನು ಹೇಳಬೇಕೆಂದು ಯೋಚಿಸಲು. ಕೊನೆಗೆ ಹ್ಯಾಂಡಲ್ಲಿನ ಎಡಗಡೆಯ ಹಿಡಿ ಒತ್ತಿದ. ಅದು ಹುಳಿಬಂದ ಹಿಟ್ಟಿನೊಳಗೆ ಬೆರಳು ಹೋದಂತೆ ಮೆತ್ತಗೆ ಒಳಕ್ಕೆ ಹೋಯಿತು. ಆಗ ನೆನಪಾಯಿತು. ಲಡಾಖಿನಲ್ಲಿ ನಿಜವಾದ ಮಿಸ್ತ್ರಿಯೊಬ್ಬ ದಿನವೂ ಚಹಾಕ್ಕೆಂದು ಅಡುಗೆಮನೆ ಬಾಗಿಲಿಗೆ ಬಂದು ಒಂದೇ ಮಾತು ಗೊಣಗುತ್ತಿದ್ದ.

"ಬ್ರೇಕಿನಾಗ ಹವಾ ಅದ" ಎಂದ ಗೋರಖನಾಥ, ಅದೇ ಗೊಣಗು ದನಿಯಲ್ಲಿ.

ಚಾಂದ ಪಾಶಾ ಹಣೆ ಬಡಿದುಕೊಂಡ. "ವಾಹ್ ಉಸ್ತಾದ! ಮುಂಜಾನಿಂದ ನನಗ ಹೊಳೀಲೇ ಇಲ್ಲ ನೋಡ್ರಿ!"

ಮುಂದಿನ ಕೆಲಸ ಅವನೇ ಮಾಡಿದ. ಬ್ರೇಕಿನ ಎಣ್ಣೆ ಹೊಸದು ಸುರಿದು, ಕೆಳಗಿನ ತೂತಿಗೆ ಸಣ್ಣ ನಳಿಗೆ ಸಿಕ್ಕಿಸಿ, ಗಿಡಿಯೋನ ಸರ್ ಕೈಯಲ್ಲಿ ಹಿಡಿ ಒತ್ತಿಸಿ, ಎಣ್ಣೆಯನ್ನು ಬಾಟಲಿಗೆ ಇಳಿಸತೊಡಗಿದ. ನಳಿಗೆಯಲ್ಲಿ ಗುಳ್ಳೆಗಳು ಬುಳಬುಳ ಬಂದವು. ಗುಳ್ಳೆ ಕಂಡದ್ದೇ ಗೋರಖನಾಥನಿಗೆ ಜೀವ ಬಂತು. ಕುದಿಯುವುದನ್ನು ನೋಡುತ್ತಲೇ ಅವನ ಆಯುಷ್ಯ ಕಳೆದಿತ್ತು.

"ಇನ್ನೂ ದೊಡ್ಡ ಗುಳ್ಳಿ ಅವ. ಆಗಲಿ... ಆಗಲಿ... ಈಗ ಸಣ್ಣ ಆದವು. ಗಡಬಡ ಮಾಡಬ್ಯಾಡ. ಹಾಂ, ಸಾಕು! ಮುಚ್ಚು!"

ಚಾಂದ ಪಾಶಾ ತಿರುಪು ಬಿಗಿದ. ಹಿಡಿ ಒತ್ತಿದರೆ ಕಲ್ಲು ಒತ್ತಿದಂತೆ ಗಟ್ಟಿ! ಮಂದಿ ಚಪ್ಪಾಳೆ ಹೊಡೆದರು. ಮಹಾಮಾಯಾ ಪಕ್ಕದಲ್ಲಿದ್ದವರ ಕಡೆಗೆ, ತಾನೇ ತಿರುಪು ಬಿಗಿದವಳಂತೆ ನೋಡಿದಳು.

ಇನ್ನು ಸ್ಪ್ರಿಂಗು. ಗಿಡಿಯೋನ ಸರ್ ಪುಸ್ತಕ ಓದಿ ಹೇಳಿದರು: "ಕೂಡೋರ ತೂಕ ನೋಡಿ ಸ್ಪ್ರಿಂಗ್ ಬಿಗೀಬೇಕಂತ. ಬಾಯಿ, ನಿಮ್ಮ ತೂಕ ಎಷ್ಟರಿ?"

"ನನ್ನ ತೂಕ ನಿನಗ ಯಾಕಪಾ ಮಾಸ್ತರ? ಹೆಣ್ಣಮಕ್ಕಳಿಗಿ ಹ್ಯಾಂಗ ಮಾತಾಡ್ಬೇಕಂತ ಸಾಲ್ಯಾಗ ಕಲಿಸಲಿಲ್ಲೇನ?"

ಗೋರಖನಾಥ ಮುದುಕಿಯನ್ನು ತಲೆಯಿಂದ ಕಾಲಿನತನಕ ಒಮ್ಮೆ ನೋಡಿದ. ಆಲೂಗಡ್ಡೆಯ ಚೀಲಗಳನ್ನು ಹಾಗೆ ನೋಡಿ ನೋಡಿ ಅವನ ಕಣ್ಣು ತಕ್ಕಡಿಯಾಗಿತ್ತು. "ಎಪ್ಪತ್ತೆರಡು ಕಿಲೋ" ಎಂದ. "ಛತ್ರಿ ಬಿಟ್ಟು."

ಕುತುಬೋದ್ದೀನನಿಗೆ ಪಂಥದ ಹುಚ್ಚು. ಹಳೆ ಕಬ್ಬಿಣ ತೂಗುವ ತೂಕದ ಯಂತ್ರದ ಮೇಲೆ ನಿಲ್ಲಬೇಕೆಂದು ಅಂಜನಾಬಾಯಿಗೆ ಕೈಮುಗಿದ. "ಗುಜರಿಗಿ ಹಾಕ್ತಿ ಏನೋ ನನ್ನ, ಭಾಡ್ಯಾ!" ಎಂದು ಬೈಯುತ್ತಲೇ ಅವಳು ಹತ್ತಿದಳು. ಮುಳ್ಳು ಎಪ್ಪತ್ತೆರಡಕ್ಕೆ ಬಂದು ನಿಂತು, ಅಲ್ಲಾಡಲಿಲ್ಲ.

"ಯಾ ಅಲ್ಲಾ!" ಎಂದ ಕುತುಬೋದ್ದೀನ. ಚಾಂದ ಪಾಶಾ ಗೋರಖನಾಥನ ಕಾಲು ಮುಟ್ಟಲು ಬಗ್ಗಿದವನು, ನಟ್ಟು ಬಿಗಿಯುವ ಪಾನಾ ಎತ್ತಿಕೊಂಡವನಂತೆ ನಟಿಸಿ ಎದ್ದ.

ಆಮೇಲೆ ಎಲ್ಲ ಸಲೀಸು. ಗೋರಖನಾಥ ಮುಂದಿನ ಎರಡೂ ಸ್ಪ್ರಿಂಗಿನ ಮೇಲೆ ಅಂಗೈ ಊರಿ ಒತ್ತಿ ಬಿಡುವುದು, ಪೂರಿ ಉಬ್ಬಿ ಮೇಲೇಳುವುದನ್ನು ನೋಡುವಂತೆ ಕತ್ತು ಓರೆ ಮಾಡಿ ನೋಡುವುದು, "ಎಡಕ್ಕ ಇನ್ನೊಂದ ಸುತ್ತ. ಬಲಕ್ಕ ಬ್ಯಾಡ" ಅನ್ನುವುದು. ಚಾಂದ ಪಾಶಾ ಸ್ಪ್ರಿಂಗು ಬಿಗಿಸುವ ಬಳೆ ತಿರುಗಿಸಿ, ಟೇಪು ಹಿಡಿದು ಅಳೆದರೆ ಎರಡೂ ಕಡೆ ಗೆರೆಗೆ ಗೆರೆ ಸಮ. ಗೋರಖನಾಥನಿಗೇ ಒಂದು ಗಳಿಗೆ ತಾನು ಮಿಸ್ತ್ರಿಯೇ ಇರಬೇಕು ಅನಿಸಿತು. ಟೋಪಿ ಸರಿಮಾಡಿಕೊಂಡ.

ಅಷ್ಟರಲ್ಲಿ ಅಂಜನಾಬಾಯಿ ಸೀರೆ ಕಚ್ಚೆ ಬಿಗಿದು ಗಾಡಿಯ ಹಿಂದಿನ ಸೀಟು ಹತ್ತಿ ಕೂತುಬಿಟ್ಟಳು. "ನಡಿ ತಮ್ಮಾ. ಈ ಅಂಗಳದ ಹಿಂದಿನ ಎರಿಯಾಗ ಒಂದ ಸುತ್ತ ತಿರಗಸ. ನಿನ್ನ ಮಾತಿನ ಮ್ಯಾಲ ಕುಂತೀನಿ. ಬ್ರೇಕ್ ಹಿಡೀತದಲ್ಲ?"

ಗೋರಖನಾಥ ಹೊಲದ ಕಡೆ ನೋಡಿದ. ಕಪ್ಪಗೆ, ತುಪ್ಪ ಸವರಿದ ಹೆಂಚಿನಂತೆ ಹೊಳೆಯುತ್ತಿತ್ತು. ಅದರ ಆ ತುದಿಗೆ ಕಟ್ಟೆಯಿಲ್ಲದ ಒಂದು ಹಾಳು ಬಾವಿ. ಮುದುಕಿಯನ್ನು ನೋಡಿದ. ಬೆಳೆ ನೋಡುವ ಆಸೆಗೆ ಎಳೆ ಹುಡುಗಿಯಂತೆ ಕೂತಿದ್ದಳು. ಸುಳ್ಳಿನ ಮೇಲೆ ಸಂಸಾರ ಕೂತಿತ್ತು, ನಡೆದಿತ್ತು. ಅದರ ಮೇಲೆ ಎಪ್ಪತ್ತೆರಡು ಕಿಲೋದ ಬೇರೆಯವರ ತಾಯಿಯನ್ನು ಕೂಡಿಸುವುದು ಅವನಿಂದಾಗಲಿಲ್ಲ. ಟೋಪಿ ತೆಗೆದು, ಹೆಂಡತಿಯ ಕಡೆ ನೋಡದೆ ಹೇಳಿಬಿಟ್ಟ.

"ಇಳೀರಿ ಬಾಯಿ. ನಾ ಮಿಸ್ತ್ರಿ ಅಲ್ಲ. ಈ ಗಾಡಿ ನಾ ಎಂದೂ ಮುಟ್ಟಿಲ್ಲ. ಮಿಲ್ಟ್ರ್ಯಾಗ ನಾ ಮುನ್ನೂರ ಮಂದಿಗಿ ಉಣಸೋ ಬಾವರ್ಚಿ ಇದ್ದೆ. ರೊಟ್ಟಿ, ಬ್ಯಾಳಿ, ಆಲೂಗಡ್ಡಿ... ಅಷ್ಟೇ ನನ್ನ ವಿದ್ಯಾ."

ಕುತುಬೋದ್ದೀನ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹಿಂದೆ ಇಡೀ ಅಂಗಳ ನಕ್ಕಿತು.

"ಬಾವರ್ಚಿ ಅಂತ!" ಚಾಂದ ಪಾಶಾ ಕಣ್ಣೊರೆಸಿಕೊಂಡ. "ಹಿಡಿ ಮುಟ್ಟಿ ಹವಾ ಅದ ಅಂದವ ಬಾವರ್ಚಿ!"

"ದೊಡ್ಡ ಮನಷ್ಯಾರು ಹಿಂಗೇ ಮಾತಾಡ್ತಾರ" ಎಂದು ಗಿಡಿಯೋನ ಸರ್ ಪುಸ್ತಕ ಮಡಚಿದರು. "ವಿನಯ ಅಂದ್ರ ಇದು ನೋಡ್ರಿ."

"ಖರೇ ಹೇಳ್ತೀನ್ರೋ! ದೇವರಾಣಿ!"

"ಹತ್ತೋ ತಮ್ಮಾ, ಮಳಿ ಬರ್ತದ!" ಎಂದು ಅಂಜನಾಬಾಯಿ ಕೊಡೆಯಿಂದ ಬೆನ್ನಿಗೆ ತಿವಿದಳು. ನಾಲ್ಕು ಜನ ಎತ್ತಿ ಅವನನ್ನು ಸೀಟಿನ ಮೇಲೆ ಕೂಡಿಸಿಯೇಬಿಟ್ಟರು, ಚಾಂದ ಪಾಶಾ ಹಗ್ಗ ಎಳೆದು ಇಂಜಿನ್ ಚಾಲೂ ಮಾಡಿದ. ಎಲ್ಲರೂ ನಗುತ್ತಿದ್ದರು, ಮಹಾಮಾಯಾ ಒಬ್ಬಳನ್ನು ಬಿಟ್ಟು.

ಬಲಗೈ ಹೆಬ್ಬೆರಳಿನ ಹತ್ತಿರ ಒಂದು ಪುಟ್ಟ ಹಿಡಿ ಇತ್ತು. ಹಾರ್ನ್ ಇರಬೇಕೆಂದುಕೊಂಡು ಗೋರಖನಾಥ ಅದನ್ನು ಬಲವಾಗಿ ಒತ್ತಿದ. ಗಾಡಿ ಚೇಳು ಕಡಿದ ಎಮ್ಮೆಯಂತೆ ಹಾರಿತು. ಹಿಂದಿನ ಪಟ್ಟಾ ಎಸೆದ ರಾಡಿಯೆಲ್ಲ ಗಿಡಿಯೋನ ಸರ್ ಅವರ ಬಿಳಿ ಅಂಗಿಗೆ ಹೋಯಿತು. ಎರೆಯ ಮೇಲೆ ಗಾಡಿ ಹುಗಿಯಲೂ ಇಲ್ಲ, ನಿಲ್ಲಲೂ ಇಲ್ಲ, ಎಣ್ಣೆಯಲ್ಲಿ ಬಿಟ್ಟ ಬೋಂಡಾದಂತೆ ತೇಲಿ ತೇಲಿ ಓಡಿತು. ಅಂಜನಾಬಾಯಿ ಅವನ ಕುತ್ತಿಗೆ ತಬ್ಬಿಕೊಂಡು "ಹೋಯ್! ಹೋಯ್!" ಎಂದು ಕೂಗುತ್ತಿದ್ದಳು. ಕೂಗು ಹೆದರಿಕೆಯದೋ ಖುಷಿಯದೋ ಅವನಿಗೆ ತಿಳಿಯಲಿಲ್ಲ. ಹೆದರಿಕೆಯಿಂದ ಹಿಡಿದ ಹಿಡಿಯನ್ನು ಬಿಡಬೇಕೆಂಬುದೂ ಹೊಳೆಯಲಿಲ್ಲ. ಬಾವಿ ಎದುರಿಗೆ ಬಾಯಿ ತೆರೆದುಕೊಂಡು ಬಂತು.

ಆಗ ಎಡಗೈ ತಾನಾಗಿಯೇ ಬಿಗಿಯಾಯಿತು. ಗಾಡಿ ಗಕ್ಕನೆ ನಿಂತಿತು. ಸ್ಪ್ರಿಂಗು ಒಮ್ಮೆ ಬಗ್ಗಿ, ಮೆಲ್ಲಗೆ ಎದ್ದು, ಇಬ್ಬರನ್ನೂ ತೊಟ್ಟಿಲಿನಲ್ಲಿಟ್ಟಂತೆ ಕೂಡಿಸಿತು. ಮುಂದಿನ ಹಲಗೆಯ ಮೂಗಿಗೂ ಬಾವಿಗೂ ನಡುವೆ ಒಂದು ಗೇಣು ನೆಲ ಉಳಿದಿತ್ತು.

ಅಂಜನಾಬಾಯಿ ಬಗ್ಗಿ ಬಾವಿಯೊಳಗೆ ನೋಡಿದಳು. "ಬ್ರೇಕ್ ಹಿಡೀತದ ಅಂತ ತೋರಸ್ಲಿಕ್ಕ ಇಲ್ಲಿತನಕ ತರಬೇಕಿತ್ತೇನೋ? ಭಾಳ ಶ್ಯಾಣ್ಯಾ ಇದ್ದಿ ನೀ" ಎಂದು ಅವನ ಬೆನ್ನು ತಟ್ಟಿದಳು. ಹೊತ್ತು ಇಳಿಯುವುದರೊಳಗೆ ಗಾಡಿ ಭಾತಂಬ್ರಾದ ಹಾದಿ ಹಿಡಿಯಿತು. ಊರವರು ಗೋರಖನಾಥನಿಗೆ ಶಾಲು ಹೊದಿಸಿ, ಮನೆಯತನಕ ಕಳಿಸಿಕೊಟ್ಟರು.

ಮಹಾಮಾಯಾ ದಾರಿಯುದ್ದ ಎಲ್ಲರಿಗಿಂತ ಮುಂದೆ ನಡೆದಳು. ಮನೆಗೆ ಬಂದು ಬಾಗಿಲು ಮುಚ್ಚಿದ ಮೇಲೆ ಗೋರಖನಾಥ ಮೆಲ್ಲಗೆ ಶುರು ಮಾಡಿದ.

"ನಾ ಅಂದದ್ದು ಯಾರೂ ನಂಬಲಿಲ್ಲ."

"ನಾ ನಂಬಿದೆ" ಎಂದಳು ಮಹಾಮಾಯಾ. "ಮಿಸ್ತ್ರಿ ಅಂದ್ರಿ, ನಂಬಿದೆ. ಇವತ್ತ ಬಾವರ್ಚಿ ಅಂದ್ರಿ, ಅದೂ ನಂಬಿದೆ. ನಿಮ್ಮ ಮಾತ ನಾ ಎಂದಾದ್ರೂ ತಗದ ಹಾಕೀನೇನ್ರಿ?"

ಗೋರಖನಾಥ ಹೆದರುತ್ತಲೇ ಅವಳ ಕಣ್ಣು ನೋಡಿದ. ದೀಪ ಆರಿರಲಿಲ್ಲ. ಇನ್ನಷ್ಟು ಹತ್ತಿತ್ತು.

"ಸಿಟ್ಟ ಬಂದಿಲ್ಲೇನು?"

"ಸಿಟ್ಟ ಯಾಕ ಬರ್ತದ್ರಿ? ನಾ ಬ್ಯಾರೇನೇ ಇಚಾರ ಮಾಡ್ಲಿಕತ್ತೇನಿ. ಮುನ್ನೂರ ಮಂದಿಗಿ ಉಣಸಾಂವ ಇಪ್ಪತ್ತಾರ ವರ್ಷ ಮನ್ಯಾಗ ಇದ್ದಾಗೆಲ್ಲ ಕುರ್ಚಿ ಮ್ಯಾಲ ಕುಂತಾನ. ಬ್ಯಾಳಿಗಿ ಉಪ್ಪ ಕಮ್ಮಿ, ಪಲ್ಯಾ ಹಸಿ ಅದ ಅಂತ ದಿನಾ ಹೆಸರಿಡ್ತಾನ. ನಾ ಒಬ್ಬಾಕಿ ಒಲಿ ಮುಂದ ಬೇಯ್ಲಿಕತ್ತೇನಿ." ಸೌಟನ್ನು ಅವನ ಕೈಗಿಟ್ಟು, ಅವನ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. "ಇನ್ನ ಮುಂದ ಒಲಿ ನಿಮ್ದು. ಶಾಲು ತಗದಿಡ್ರಿ, ಸಾರ ಸಿಡೀತದ."

ಬೇಳೆಗೆ ಒಗ್ಗರಣೆ ಬೀಳುವ ಹೊತ್ತಿಗೆ ಫೋನು ಬಂತು. ಕುತುಬೋದ್ದೀನ. "ಉಸ್ತಾದ, ಖುಷಿ ಖಬರ್! ಅಂಜನಾಬಾಯಿ ಗಾಡಿ ವಿಡಿಯೋ ಮೊಬೈಲ್‌ನಾಗ ನೋಡಿ ಔರಾದ, ಜನವಾಡ, ಕಮಲನಗರ, ಎಲ್ಲಾ ಕಡಿಂದ ನಮಗೂ ಬೇಕ ಅಂತ ಗಂಟ ಬಿದ್ದಾರ. ಹೈದರಾಬಾದಿನಾಗ ಇನ್ನೂ ಒಂಬತ್ತು ಬಿದ್ದಾವ. ಲಾರಿ ಹೊಂಟದ. ನಿಮ್ಮ ಹೆಸರಿನ ಬೋರ್ಡೂ ಬರಿಸೀನಿ. ನಾಳಿ ಎಂಟಕ್ಕ ಬರ್ರಿ!"

"ಕುತುಬ ಭಾಯಿ, ಕೈ ಮುಗೀತೀನಿ, ನಾ ಖರೇನೇ ಬಾವರ್ಚಿ..."

"ಹ್ಹ ಹ್ಹ ಹ್ಹ! ಭಾರಿ ಮನಷ್ಯಾ ಅದೀರಿ!" ಎಂದು ಆ ಕಡೆ ಫೋನು ಇಟ್ಟಾಯಿತು.

"ಏನಂತ?" ಕುರ್ಚಿಯಿಂದ ಮಹಾಮಾಯಾ ಕೇಳಿದಳು.

"ಒಂಬತ್ತು ಗಾಡಿ ಬರ್ತಾವಂತ. ನಾಳಿ ಎಂಟಕ್ಕ ಹೋಗ್ಬೇಕಂತ."

"ಹೋಗ್ರಿ, ಹೋಗ್ರಿ. ಊರ ಮಂದಿ ಅಷ್ಟ ಪ್ರೀತಿಲೇ ಕರದಾಗ ಇಲ್ಲ ಅನಬಾರದು." ಅವಳು ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದಳು. "ಐದಕ್ಕ ಎದ್ರಿ ಅಂದ್ರ ನಾಷ್ಟಾ, ಮಧ್ಯಾಹ್ನದ ಅಡಗಿ ಎರಡೂ ಆಗ್ತಾವ."