ಶಿಕಾಗೋದಲ್ಲಿ ನೀರಿಗಿಳಿದ ನನ್ನ ಚಕ್ಕುಲಿ ಡಬ್ಬಿ

ಮಿಷಿಗನ್ ಸರೋವರದ ಘನತೆವೆತ್ತ ಅಲೆಗಳಾದ ಮಾನ್ಯರೇ,

ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ಕೌಸಲ್ಯಾ ಮಾಡುವ ನಮಸ್ಕಾರಗಳು. ಮಂಜುಗಡ್ಡೆ ಕರಗಿ ತಾವೆಲ್ಲ ಸುಖವಾಗಿದ್ದೀರೆಂದು ನಂಬಿ, ಈ ದೂರನ್ನು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ.

ಈ ೨೦೦೯ರ ಜನವರಿಯಲ್ಲಿ ಸೌತ್‌ಫೀಲ್ಡ್‌ನ ಕಂಪನಿ ನಮ್ಮ ಯಜಮಾನರಾದ ಶೇಷಗಿರಿಯವರನ್ನು ಮನೆಗೆ ಕಳಿಸಿದ ಮೇಲೆ ಅವರಿಗೆ ಕೆಲಸ ಕೊಟ್ಟವರು ತಾವೊಬ್ಬರೇ. ದಡಕ್ಕೆ ಬಿದ್ದ ಕಸ ಎಲ್ಲಿಂದ ತೇಲಿ ಬಂತೆಂದು ಪತ್ತೆಹಚ್ಚುವ ಸ್ವಯಂಸೇವಕರ ಗುಂಪು ಸೇರಿ, ಶನಿವಾರ ಬಂತೆಂದರೆ ತಮ್ಮ ಪೂರ್ವದ ದಡಕ್ಕೆ ಡ್ರೈವ್ ಮಾಡಿಕೊಂಡು ಹೋಗುತ್ತಾರೆ. ಆಚೆ ದಡದ ಶಿಕಾಗೋ ಕಡೆಯ ಬಲೂನು, ಬಾಟಲಿ ಮುಚ್ಚಳಗಳನ್ನು ಪಡುವಣ ಗಾಳಿಯೊಂದಿಗೆ ನಮ್ಮತ್ತ ತಳ್ಳುವ ತಮ್ಮ ಶ್ರದ್ಧೆಯನ್ನು ಅವರು ಹೊಗಳುವಷ್ಟು ನನ್ನ ಸಾರನ್ನು ಎಂದೂ ಹೊಗಳಿಲ್ಲ.

ಹೋದ ಶನಿವಾರ ತಾವು ಒಂದು ಸ್ಟೀಲ್ ಡಬ್ಬಿಯನ್ನು ತಂದು ಹಾಕಿದಿರಿ. ಅದರ ಮೇಲೆ ಕೊರೆದಿದ್ದ ‘ಕೌಸಲ್ಯಾ, ಮೈಸೂರು’ ಎಂಬುದನ್ನು ಇವರು ಓದಿ ಹೇಳಿದ್ದೇ ತಡ, ಗುಂಪಿನ ಮುಖ್ಯಸ್ಥೆ ‘ಕಸದ ಮೂಲ: ಮೈಸೂರು’ ಎಂದು ಬರೆದುಕೊಂಡು ನಕಾಶೆಯಲ್ಲಿ ಬಾಣ ಎಳೆಯಲು ಕೂತರಂತೆ. ನಮ್ಮಲ್ಲಿ ಮದುವೆಯ ಪಾತ್ರೆಗೆಲ್ಲ ಹೆಸರು ಕೊರೆಸುತ್ತಾರೆ, ಇದು ನಮ್ಮ ಮನೆಯದೇ ಎಂದು ಇವರು ವಿವರಿಸುವ ಹೊತ್ತಿಗೆ ಬಾಣ ಹಿಂದೂ ಮಹಾಸಾಗರವನ್ನು ದಾಟಿತ್ತು.

ಅದು ಹೋದ ಗೌರಿ ಹಬ್ಬಕ್ಕೆ ಚಕ್ಕುಲಿ ತುಂಬಿ ಶಿಕಾಗೋದ ಗೆಳತಿ ವಸುಧಾಗೆ ನಾನೇ ಕೊಟ್ಟ ಡಬ್ಬಿ. “ವಾಪಸ್ ಕೊಟ್ಟಿದೀನಲ್ಲೇ, ನಿಮ್ ಗರಾಜಲ್ಲೇ ಸರಿಯಾಗಿ ಹುಡುಕು” ಎಂದು ಅವಳು ಆಣೆ ಇಟ್ಟ ದಿನದಿಂದ ನಾವು ಮಾತು ಬಿಟ್ಟಿದ್ದೇವೆ. ಈಗ ಇವರು ಮನೆಗೆ ತಂದ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಒಣಗಿದ ಗರಿಕೆ, ನಾಲ್ಕು ಕಾಳು ಅಕ್ಷತೆ! ಪುಟ್ಟ ಮಣ್ಣಿನ ಗಣಪನನ್ನು ಅದರಲ್ಲಿ ಕೂರಿಸಿಕೊಂಡು ಬಂದು ತಮ್ಮ ನೀರಿಗೆ ಬಿಟ್ಟವಳು, ಡಬ್ಬಿಯನ್ನೂ ಅಲೆಯ ಪಾಲು ಮಾಡಿ, ಹೇಳಲು ನಾಚಿ, ಸುಳ್ಳಾಡಿದ್ದಾಳೆ. ಇವರ ಮುಂದೆ ಬಿದ್ದು ಬಿದ್ದು ನಕ್ಕೆ, ಆಮೇಲೆ ಅತ್ತುಬಿಟ್ಟೆ. ಡಬ್ಬಿಯಿಲ್ಲದೆ ಇದ್ದೆ, ಅವಳಿಲ್ಲದೆ ಇರಲಾಗಲಿಲ್ಲ.

ಆದ್ದರಿಂದ ನನ್ನ ದೂರು ಇಷ್ಟೇ. ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ನಮ್ಮ ಪದ್ಧತಿ ಬಲ್ಲ ತಾವು ಅಕ್ಷತೆಯ ಸಮೇತ ಡಬ್ಬಿ ತಂದುಕೊಟ್ಟು, ಅವಳನ್ನು ಮಾತ್ರ ಆಚೆ ದಡದಲ್ಲೇ ಬಿಟ್ಟದ್ದೇಕೆ? ಅದೇ ಗಾಳಿಯಲ್ಲಿ ವಸುಧಾಳನ್ನೂ ಇತ್ತ ತೇಲಿಸಿ, ದಾರಿಯಲ್ಲಿ ಇವರ ಕೆಲಸವೇನಾದರೂ ಸಿಕ್ಕರೆ ಅದನ್ನೂ ಜೊತೆಗೆ ತಳ್ಳಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಕೌಸಲ್ಯಾ ಶೇಷಗಿರಿ

ವಿ.ಸೂ.: ಇದು ಕನ್ನಡ ಕೂಟದ ಪತ್ರಿಕೆಯಲ್ಲಿ ಬರುತ್ತದೆ, ಅಲೆಗಳಿಗೆ ಕನ್ನಡ ಬಾರದಿದ್ದರೆ ವಸುಧಾ ಓದಿ ಹೇಳಲಿ. ಡಬ್ಬಿಗೆ ಮತ್ತೆ ಚಕ್ಕುಲಿ ತುಂಬಿಟ್ಟಿದ್ದೇನೆ, ಬಂದು ತೊಗೊಂಡು ಹೋಗು ಕಣೇ. ವಾಪಸ್ ಕೊಡುವಾಗ ಮಾತ್ರ ಕೈಗೇ ಕೊಡು, ಸರೋವರದ ಮೂಲಕ ಬೇಡ.