ಆಫ್‌ರೋಡ್ ಆಪ್ಷನ್ನೂ ರುವೈಸ್ ಭಯವೂ

ಗಾಡಿ ಮಾರುವವನಿಗೆ ಒಂದಾದರೂ ಫಜೀತಿ ಆಗದ ದಿನ ಶೋರೂಮಿಗೆ ರಜೆ ಅಂತಲೇ ಲೆಕ್ಕ. ಅಬುಧಾಬಿಯ ಮುಸಫ್ಫಾದಲ್ಲಿ ನಾನು ದೊಡ್ಡ ದೊಡ್ಡ ಪಿಕಪ್ ಮಾರಿಕೊಂಡಿದ್ದವನು. ಈಗ ಹೇಳುವುದನ್ನು ಕೇಳಿ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ನೀವು ನಗಿ, ಅಡ್ಡಿಯಿಲ್ಲ.

ನಮ್ಮಲ್ಲಿ ಒಂದೇ ಪಿಕಪ್ ಮೂರು ಆಪ್ಷನ್ನಿನಲ್ಲಿ ಬರುತ್ತಿತ್ತು. ಬೇಸಿಕ್ ಅಂದರೆ ಬರೀ ಕೆಲಸಕ್ಕೆ. ಮಿಡ್ ಅಂದರೆ ಹೊರಗೆ ಕ್ರೋಮು, ಒಳಗೆ ಚರ್ಮದ ಸೀಟು. ಮೂರನೆಯದು ಆಫ್‌ರೋಡ್: ಎತ್ತರದ ಸಸ್ಪೆನ್ಶನ್, ಹೊಟ್ಟೆಯಡಿ ದಪ್ಪ ತಗಡು, ಆಳ ಹಲ್ಲಿನ ಟೈರು, ಒಂದು ಚಕ್ರ ಮರಳಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಜೊತೆಯ ಚಕ್ರವೂ ಎಳೆಯುವ ಹಾಗೆ ಮಾಡುವ ಲಾಕು. ಈ ಮೂರನೆಯ ಜಾತಿಯ ಒಂದು ಕಿತ್ತಳೆ ಬಣ್ಣದ ಗಾಡಿ ನಮ್ಮ ಶೋರೂಮಿನ ನಡುವೆ ನಿಂತು ನಿಂತು ಕಟ್ಟಡದ ಕಂಬದ ಹಾಗೆ ಆಗಿಬಿಟ್ಟಿತ್ತು.

ಮ್ಯಾನೇಜರ್ ಲೆಬನಾನಿನವರು. ಒಂದು ದಿನ ಕರೆದು, ರಮಜಾನ್ ಆಫರ್ ಮುಗಿಯುವುದರೊಳಗೆ ಇದು ಹೋಗದಿದ್ದರೆ ನೀನು ರುವೈಸ್ ಬ್ರಾಂಚಿಗೆ ಹೋಗುತ್ತೀ ಅಂದರು. ರುವೈಸ್ ಅಂದರೆ ಸೌದಿ ಗಡಿಯ ಕಡೆ ಹೋಗುವ ದಾರಿಯಲ್ಲಿ, ಎಷ್ಟು ಹೋದರೂ ಬಾರದ ಊರು. ನನ್ನ ಹೆಂಡತಿ ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸು. ಮಗಳ ಶಾಲೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹತ್ತಿರ. ಹೋಗುವುದಾದರೆ ನಾನೊಬ್ಬನೇ ಹೋಗಬೇಕು, ಯಾರದೋ ರೂಮಿನಲ್ಲಿ ಬೆಡ್‌ಸ್ಪೇಸ್ ಹಿಡಿಯಬೇಕು, ಮೇಲಿನ ಮಂಚದವನ ಗೊರಕೆ ಕೇಳುತ್ತ ಬಿದ್ದಿರಬೇಕು. ಸಂಸಾರಸ್ಥನಿಗೆ ಈ ಶಿಕ್ಷೆ ಯಾಕೆ ಮಾರಾಯ್ರೆ? ಆ ಕಿತ್ತಳೆ ಬಣ್ಣ ಆರಿಸಿ ತರಿಸಿದ್ದು ನಾನಾ?

ಮರಳು ಬೇಡ

ಮೊದಲು ಸಿಕ್ಕವರು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ಆಫೀಸು ಇಟ್ಟುಕೊಂಡ ಒಬ್ಬ ಸಾಹೇಬರು, ನಮ್ಮ ಮಂಗಳೂರಿನವರೇ. ಅಷ್ಟು ದೂರದಿಂದ ಇದೇ ಗಾಡಿ ನೋಡಲು ಬಂದಿದ್ದರು. ಮಿಡ್ ಮತ್ತು ಆಫ್‌ರೋಡ್ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಅಡಿಗೆ ಬಗ್ಗಿ, ತಗಡು ಬಡಿದು ನೋಡಿದರು. ನನಗೆ ಜೀವ ಬಂದ ಹಾಗಾಯಿತು. ಟೆಸ್ಟ್ ಡ್ರೈವಿಗೆ ಕರೆದುಕೊಂಡು ಹೋದೆ. ಡಾಂಬರು ಮುಗಿದು ಮರಳು ಶುರುವಾಗುವಲ್ಲಿ, ಈಗ ನೋಡಿ ಇದರ ತಾಕತ್ತು, ಅಂತ ಲಾಕ್ ಹಾಕಿದೆ.

ಸಾಹೇಬರು ಸ್ಟೇರಿಂಗಿನ ಮೇಲಿದ್ದ ನನ್ನ ಕೈಯನ್ನೇ ಹಿಡಿದುಬಿಟ್ಟರು.

"ಮರಳಿಗೆ ಇಳಿಸಬೇಡಿ. ಗಾಡಿ ಕೊಳೆಯಾಗ್ತದೆ."

ಮತ್ತೆ ಈ ಗಾಡಿ ಯಾತಕ್ಕೆ ಸಾರ್ ಅಂತ ಕೇಳಿದೆ. ಮಕ್ಕಳನ್ನು ಮಾಲಿಗೆ ಕರೆದುಕೊಂಡು ಹೋಗಲಿಕ್ಕಂತೆ. ಆಮೇಲೆ ಅವರ ಬಿಲ್ಡಿಂಗಿನ ಬೇಸ್‌ಮೆಂಟಿನ ಮಾಡು ತಗ್ಗು, ಇಷ್ಟು ಎತ್ತರದ ಗಾಡಿ ಒಳಗೆ ಹೋಗದು ಅಂತ ನೆನಪಾಗಿ, ಮಿಡ್ ಬುಕ್ ಮಾಡಿ ಹೋದರು. ನನ್ನ ಕಂಬ ಅಲ್ಲೇ ನಿಂತಿತು. ಅದರ ಟೈರಿಗೆ ಹತ್ತಿದ್ದ ಒಂದು ಚಿಟಿಕೆ ಮರಳನ್ನು ಒರೆಸಿದವನೂ ನಾನೇ.

ಇದನ್ನು ತೆಗಿ, ಅದನ್ನೂ ತೆಗಿ

ಅದಾಗಿ ಬಂದವನು ಇಲ್ಲಿಯದೇ ಒಬ್ಬ ಅರಬ್ಬಿ ಹುಡುಗ. ಪ್ರತಿ ಶುಕ್ರವಾರ ಮರಳುದಿಣ್ಣೆ ಹತ್ತುವ ಪೈಕಿ. ಇಂಥವನಿಗಲ್ಲದೆ ಇನ್ಯಾರಿಗೆ ಅಂದುಕೊಂಡೆ. ಅವನಿಗೆ ವಿವರಿಸಬೇಕಾದ್ದೇ ಇರಲಿಲ್ಲ, ಎಲ್ಲ ಗೊತ್ತು. ಆಫ್‌ರೋಡೇ ಬೇಕು ಅಂದ. ನಾನು ಮನಸ್ಸಿನಲ್ಲೇ ಇಗರ್ಜಿಗೆ ಒಂದು ಮೊಂಬತ್ತಿ ಹರಕೆ ಹೇಳಿಕೊಂಡೆ.

ಒಂದೇ ಸಣ್ಣ ಬದಲಾವಣೆ ಅಂದ. ಈ ಟೈರು ಬೇಡ, ನನ್ನ ಹತ್ತಿರ ಇದಕ್ಕಿಂತ ದೊಡ್ಡದು ಉಂಟು. ಸರಿ ಅಂದೆ. ಈ ಸಸ್ಪೆನ್ಶನ್ನೂ ತೆಗಿ, ಚಿಕ್ಕಪ್ಪನ ಮಗನ ಗರಾಜಿನಲ್ಲಿ ಬೇರೆಯೇ ಹಾಕಿಸುತ್ತೇನೆ. ಆಗಲಿ. ಅಡಿಯ ತಗಡೂ ತೆಗಿ, ಬಂಪರೂ ತೆಗಿ, ಲಾಕೂ ಅವನೇ ಹಾಕುತ್ತಾನೆ. ಪಕ್ಕಕ್ಕೆ ಅಂಟಿಸಿದ ಸ್ಟಿಕ್ಕರನ್ನೂ ಬಿಡಲಿಲ್ಲ, ಉಗುರಿನಿಂದ ಕೆರೆದು ತೋರಿಸಿದ. ಎಲ್ಲ ತೆಗೆದ ಮೇಲೆ ಎಂತ ಉಳಿಯಿತು ಅಂತ ನಾವಿಬ್ಬರೂ ಕೂತು ನೋಡಿದೆವು. ಉಳಿದದ್ದು ಬೇಸಿಕ್.

"ಹಾಗಾದರೆ ಬೇಸಿಕ್ಕೇ ಕೊಡು. ಖಲಾಸ್," ಅಂದ.

ಮಧ್ಯಾಹ್ನವಿಡೀ ಗಂಟಲು ಹರಿದುಕೊಂಡು ಅವನನ್ನು ಬೇಸಿಕ್ಕಿಗೆ ಒಪ್ಪಿಸಿದವನು ನಾನೇ ಅಂತ ಮ್ಯಾನೇಜರ್ ಎಲ್ಲರೆದುರು ನನ್ನನ್ನು ದೂರಿಕೊಂಡು ತಿರುಗಿದರು.

ಸ್ಟೂಲು

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅಂಗಡಿ ಇದ್ದ ಒಬ್ಬರು ಹೆಂಡತಿ, ಮಗನನ್ನು ಕರೆದುಕೊಂಡು ಬಂದರು. ಗಂಡನಿಗೆ ಆಫ್‌ರೋಡ್ ಒಪ್ಪಿಗೆ. ಹುಡುಗ "ಡ್ಯಾಡ್, ದಿಸ್ ಒನ್" ಅಂದ. ಆದರೆ ಆ ಆಪ್ಷನ್ನಿಗೆ ಕಾಲಿಡುವ ಮೆಟ್ಟಿಲು ಬರುವುದಿಲ್ಲ, ಮರಳಿಗೆ ತಾಗುತ್ತದೆ ಅಂತ ಕಂಪನಿಯವರೇ ಬಿಟ್ಟಿದ್ದಾರೆ. ಆ ಅಮ್ಮ ಸೀರೆಯಲ್ಲಿದ್ದರು. ಪ್ಯಾಂಟ್ರಿಯಿಂದ ಸ್ಟೂಲು ತಂದು ಹೇಗೋ ಹತ್ತಿಸಿದೆವು. ಅಷ್ಟರಲ್ಲಿ ಯಾವ ಪುಣ್ಯಾತ್ಮನೋ ಟೀ ಕುಡಿಯಲಿಕ್ಕೆ ಅಂತ ಸ್ಟೂಲು ಎತ್ತಿಕೊಂಡು ಹೋದ. ಅಮ್ಮ ಮೇಲೆ, ನಾವು ಕೆಳಗೆ.

ಸ್ಟೂಲು ವಾಪಸ್ ತರಿಸಿ ಇಳಿಸಿದ ಮೇಲೆ ಅವರು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿ ಬೇಡ, ಆ ಸ್ಟೂಲು ಎಲ್ಲಿ ಸಿಗ್ತದೆ, ನಮ್ಮ ಅಡುಗೆಮನೆಗೆ ಬೇಕಿತ್ತು, ಅಂತ ನನ್ನನ್ನು ಕೇಳಿದರು.

ನಿಂಬೆಹಣ್ಣು

ಆಫರಿನ ಕೊನೆಯ ವಾರ. ಮನೆಯಲ್ಲಿ ಹೆಂಡತಿ ಬ್ಯಾಗು ಹುಡುಕಿ ಇಟ್ಟಾಗಿತ್ತು. ಆಗ ಬಂದರು ಉಡುಪಿ ಕಡೆಯ ಒಬ್ಬ ಕಾಂಟ್ರಾಕ್ಟರು. ಅವರ ಸೈಟು ಇರುವುದು ನಿಜವಾದ ಮರುಭೂಮಿಯಲ್ಲಿ, ಅವರ ಹಳೆಯ ಪಿಕಪ್ ದಿನಾ ಹೂತುಹೋಗುತ್ತಿತ್ತು. ಲಾಕ್ ಅಂದರೆ ಎಂತ ಅಂತ ಕೇಳಿದರು, ಹೇಳಿದೆ. ತಗಡು ಯಾಕೆ ಅಂತ ಕೇಳಿದರು, ಹೇಳಿದೆ. ಎಲ್ಲ ಅರ್ಥವಾಗಿ, ಕಿತ್ತಳೆ ಬಣ್ಣವನ್ನೂ ಒಪ್ಪಿ ಬುಕ್ ಮಾಡಿದರು. ನಾನು ಹೆಂಡತಿಗೆ ಫೋನು ಮಾಡಿ ಬ್ಯಾಗು ಅಟ್ಟಕ್ಕೆ ಹಾಕು ಅಂದೆ.

ಡೆಲಿವರಿಯ ದಿನ ಅವರ ಜೊತೆ ತಾಯಿಯೂ ಬಂದರು, ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದವರು. ಅಂಗಳದಲ್ಲಿ ಗಾಡಿಯನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದೆವು. ಅಮ್ಮ ಹೂವು, ಕುಂಕುಮ ಇಟ್ಟು, ಮುಂದಿನ ಎರಡು ಚಕ್ರದ ಎದುರು ಒಂದೊಂದು ನಿಂಬೆಹಣ್ಣು ಇಟ್ಟರು. ನಾವು ಕ್ರೈಸ್ತರು, ಹೊಸ ಗಾಡಿಗೆ ಪಾದ್ರಿಯವರು ಪವಿತ್ರ ನೀರು ಚಿಮುಕಿಸುತ್ತಾರೆ, ಆ ನೀರಿಗೆ ಟೈರು ಯಾವುದಾದರೂ ಆದೀತು. ನಿಂಬೆಹಣ್ಣಿಗೆ ಆಗುವುದಿಲ್ಲ ಅಂತ ಆವತ್ತು ಗೊತ್ತಾಯಿತು.

ಮಗ ಗಾಡಿ ಮುಂದೆ ಬಿಟ್ಟರು. ಪಚಕ್ ಅನ್ನಬೇಕು, ಅನ್ನಲಿಲ್ಲ. ಎಡಗಡೆಯದು ಟೈರಿನ ಎರಡು ಹಲ್ಲಿನ ನಡುವೆ ಹೋಗಿ ಕೂತು, ಚಕ್ರದ ಜೊತೆಗೇ ಒಂದು ಸುತ್ತು ಬಂತು. ಬಲಗಡೆಯದು ಪಕ್ಕಕ್ಕೆ ಜಾರಿ, ಗಾಜಿನ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರರ ಬೂಟಿನ ಹತ್ತಿರ ಹೋಗಿ ನಿಂತಿತು. ಹಿಂದೆ ತೆಗೆದು, ಬೇರೆ ಹಣ್ಣು ಇಟ್ಟು ಮತ್ತೆ ಹೊಡೆದರು. ಮತ್ತೂ ಹಾಗೆಯೇ.

ಕಾಂಟ್ರಾಕ್ಟರ ಮುಖ ಸಣ್ಣದಾಯಿತು. ಶಕುನ ಸರಿಯಿಲ್ಲ ಮಾರಾಯ, ಬೇಸಿಕ್ ಕೊಟ್ಟುಬಿಡು, ಅದರ ಟೈರಿನ ಹಲ್ಲು ಸಣ್ಣದು, ಹಣ್ಣು ಒಡೆಯುತ್ತದೆ ಅಂದರು.

ನನ್ನ ಪಿತ್ತ ನೆತ್ತಿಗೇರಿತು. ಅಣ್ಣಾ, ನೀವು ದುಡ್ಡು ಕೊಟ್ಟದ್ದೇ ಆ ಹಲ್ಲಿಗಲ್ಲವಾ, ಹಲ್ಲು ಆಳ ಇದ್ದರೆ ಹಣ್ಣು ಒಳಗೆ ಕೂರದೆ ಮತ್ತೇನು ಮಾಡೀತು, ನೀವು ಮರಳಿಗೆ ಗಾಡಿ ತಗೊಳ್ಳುವುದಾ ಶರಬತ್ತು ಮಾಡಲಿಕ್ಕಾ, ಅಂತ ತುಳುವಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಗಿರಾಕಿಗೆ ಹಾಗೆ ಮಾತಾಡಬಾರದು, ಗೊತ್ತು. ಆದರೆ ನನ್ನ ಕಣ್ಣೆದುರು ಆ ಬೆಡ್‌ಸ್ಪೇಸಿನ ಮಂಚ ಬಂದು ನಿಂತಿತ್ತು.

ಅಮ್ಮ ಮಾತ್ರ ಬಗ್ಗಿ, ಟೈರಿನ ಸಂದಿಯಿಂದ ಆ ಹಣ್ಣನ್ನು ಕಿತ್ತು, ಸೆರಗಿನಲ್ಲಿ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ನಿಂಬೆಹಣ್ಣಿಗೆ ಪೆಟ್ಟು ಮಾಡದ ಗಾಡಿ ನಿನಗೆ ಮಾಡ್ತದಾ? ತಗೊ ಮಗಾ," ಅಂದರು. ಹಣ್ಣನ್ನು ಬ್ಯಾಗಿಗೆ ಹಾಕಿ, ಸಾರಿಗಾಯಿತು ಅಂತಲೂ ಸೇರಿಸಿದರು.

ಆ ತಾಯಿಯ ಕಾಲು ಹಿಡಿಯುವುದೊಂದು ಬಾಕಿ. ಗಾಡಿ ಗೇಟು ದಾಟಿ ಹೋಯಿತು. ನಡುವಿನ ಜಾಗ ಖಾಲಿಯಾಯಿತು. ನನಗೆ ಕಣ್ಣಲ್ಲಿ ನೀರು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಒಳಗೆ ಕರೆದು ಕೈ ಕುಲುಕಿದರು. ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಾರೆ, ನಮ್ಮ ತುಳು ಮಾತ್ರ ಅರ್ಥವಾಗಿಲ್ಲ. ಟೈರಿನ ಹಲ್ಲು ಎಷ್ಟು ಆಳ ಅಂತ ತೋರಿಸಲು ನಾನೇ ಹೂಡಿದ ಉಪಾಯ ಅಂತ ತಿಳಿದಿದ್ದಾರೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಡೆಮೋ ಕಂಡಿಲ್ಲವಂತೆ. ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು: ರುವೈಸ್ ಬ್ರಾಂಚಿನಲ್ಲಿ ಇದೇ ಆಪ್ಷನ್ನಿನ ಗಾಡಿಗಳು ಸಾಲಾಗಿ ನಿಂತಿವೆ, ಅಲ್ಲಿ ಯಾರ ಕೈಯಲ್ಲೂ ಹೋಗುತ್ತಿಲ್ಲ, ಇದು ನಿನ್ನೊಬ್ಬನಿಂದ ಮಾತ್ರ ಆಗುವ ಕೆಲಸ, ಭಾನುವಾರವೇ ಹೊರಡು.

ಅವರು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು.

"ಚಿಂತೆ ಮಾಡಬೇಡ ಹಬೀಬಿ. ನಿಂಬೆಹಣ್ಣಿನ ಖರ್ಚು ಕಂಪನಿಯದ್ದು."